ಎಡಗಡೆ ಸೀಟು

12 ನವೆಂಬರ್ 2007, ಸೋಮವಾರ

ಇವತ್ತೂ ಗಾಜು ಮಸುಕಾಗಿತ್ತು. ಹೊರಗಲ್ಲ, ಒಳಗೆ. ಬೆಳಿಗ್ಗೆ ಎಂಟಕ್ಕೆ ಕಾರಿನ ಬಾಗಿಲು ತೆಗೆದರೆ ಮುಂದಿನ ಗಾಜಿನ ಒಳಮೈ ತುಂಬ ಸಾಸಿವೆ ಕಾಳಿನಷ್ಟು ಹನಿಗಳು. ಶಾಲೆಯ ಡಸ್ಟರೊಂದು ಕಾರಿನಲ್ಲೇ ಬಿದ್ದಿದೆ, ಅದರಲ್ಲೇ ಒರೆಸಿದೆ. ಹೆಗ್ಗೆರೆ ದಾಟುವಷ್ಟರಲ್ಲಿ ಮತ್ತೆ ಮುಸುಕು. ಪೆಟ್ರೋಲ್ ಕಾರಿಗೆ ಎಂಜಿನ್ನಿನ ಬಿಸಿಗಾಳಿ ಪುಕ್ಕಟೆ ಸಿಗುತ್ತದಂತೆ. ನನ್ನದು ಬ್ಯಾಟರಿ ಕಾರು. ಹೀಟರ್ ಹಾಕಿದರೆ ಗುಬ್ಬಿ ತಲುಪುವಷ್ಟರಲ್ಲಿ ಚಾರ್ಜಿನ ಮುಳ್ಳು ಕೆಂಪಿನ ಹತ್ತಿರ ಬಂದು ಕೂರುತ್ತದೆ.

ಸ್ಟಾಫ್ ರೂಮಿನಲ್ಲಿ ಇದನ್ನು ಬಾಯಿ ಬಿಡುವ ಹಾಗಿಲ್ಲ. ಆಗಸ್ಟಿನಲ್ಲಿ ಈ ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗಿನಿಂದ ಗೇರಿಲ್ಲ, ಹೊಗೆಯಿಲ್ಲ, ಸದ್ದಿಲ್ಲ ಎಂದು ಎಲ್ಲರ ತಲೆ ತಿಂದಿದ್ದೇನೆ. ಕನ್ನಡ ಮೇಡಂ ಮಂಜುಶ್ರೀ ಮೊದಲ ದಿನವೇ "ಇದು ಕಾರಾ ಇಲ್ಲ ಗ್ರೈಂಡರಾ ಶಾಂತಲಾ?" ಎಂದು ನಗಿಸಿದವಳು. ಅವಳ ಬಾಯಿಗೆ ಇದು ಸಿಕ್ಕರೆ ಮುಗಿಯಿತು.

ಕಾರಣ ನನಗೆ ಗೊತ್ತು. ವಿಜ್ಞಾನ ಹೇಳುವವಳಲ್ಲವೇ ನಾನು? ಉಸಿರಿನ ಆವಿ ತಣ್ಣನೆಯ ಗಾಜಿಗೆ ತಗುಲಿ ಹನಿಯಾಗುತ್ತದೆ. ಕಾರಿನಲ್ಲಿ ನಾನು ಮಾತಾಡುವುದಿಲ್ಲ. ಮಾತಾಡುವುದು ಅತ್ತೆ. ದಿನಾ ನನ್ನ ಜೊತೆ ಗುಬ್ಬಿಗೆ ಬಂದು, ತಂಗಿ ಚಿಕ್ಕಗಂಗಮ್ಮನ ಮನೆಯಲ್ಲಿ ಹಗಲು ಕಳೆದು, ಸಂಜೆ ನನ್ನ ಜೊತೆಯೇ ತುಮಕೂರಿಗೆ ವಾಪಸ್. ಸೊಂಟದ ಆಪರೇಷನ್ ಆದ ಮೇಲೆ ಬಸ್ ಹತ್ತಲಾರರು. ಕಾರು ಹೊರಟಾಗ ಶುರುವಾದ ಮಾತು ತಂಗಿಯ ಮನೆ ಬಾಗಿಲಿಗೇ ನಿಲ್ಲುವುದು.

16 ನವೆಂಬರ್, ಶುಕ್ರವಾರ

ಬೆಳಿಗ್ಗೆ ಎಂದಿನಂತೆ ಎರಡು ಬಕೆಟ್ ನೀರು ಹೊಯ್ದು ಕಾರು ತೊಳೆದು, ಅರಿಶಿನ ಕುಂಕುಮ ಇಟ್ಟು, ವೈಪರಿಗೆ ಹೂವು ಸಿಕ್ಕಿಸಿದೆ. ಹೂವು ಕಟ್ಟಿಕೊಡುವುದು ಅತ್ತೆಯೇ. ಸೇವಂತಿಗೆ, ಕನಕಾಂಬರ, ಬಾಳೆನಾರಿನಲ್ಲಿ ಒತ್ತಾಗಿ. ಕೋಲೂರಿಕೊಂಡು ಬಂದು ನೋಡಿ, "ಮಂಗ್ಳವಾರದ್ ಹೂವು ಹಂಗೇ ಐತಲ್ಲಮ್ಮ. ಬಾಡಿದ್ ತಗ್ದು ಹೊಸದಿಡು" ಎಂದರು.

"ಗಾಳಿಗೆ ಹಾರೋಗುತ್ತೆ ಬಿಡಿ ಅತ್ತೆ, ಟೈಮಾಯ್ತು" ಎಂದೆ. ಎಲ್ಲದಕ್ಕೂ ಒಂದು ಮಾತು ಹೇಳಬೇಕು ಅವರಿಗೆ.

21 ನವೆಂಬರ್, ಬುಧವಾರ

ಬರೆಯಲು ಮುಜುಗರವಾಗುತ್ತಿದೆ. ಅತ್ತೆಯನ್ನು ಇಳಿಸಿ ಶಾಲೆಗೆ ಬಂದೆ. ಹಿಂದಿನ ಸೀಟಿನಿಂದ ನೋಟ್‌ಬುಕ್ ಕಟ್ಟು ಎತ್ತಿಕೊಳ್ಳಲು ಎಡಗಡೆ ಸೀಟಿಗೆ ಕೈ ಊರಿದರೆ ಅಂಗೈ ಒದ್ದೆ. ಸೀಟಿನ ನಡುವೆ ತಟ್ಟೆಯಗಲ ತೇವ. ಕಾರಿನಲ್ಲಿ ಒಂದು ಥರ ಕಮಟು ವಾಸನೆ ಎರಡು ವಾರದಿಂದ ಇದೆ, ಎಲ್ಲಿಂದ ಎಂದು ತಿಳಿದಿರಲಿಲ್ಲ. ಈಗ ತಿಳಿಯಿತು.

ಅವರಿಗೆ ಎಪ್ಪತ್ನಾಲ್ಕು. ಆಪರೇಷನ್ ಬೇರೆ ಆಗಿದೆ. ಆಗುವುದೇ. ಪಾಪ ಅನ್ನಿಸಿತು. ಹೇಸಿಗೆಯೂ ಆಯಿತು. ನಿಜ ಹೇಳುವುದಾದರೆ ಮೊದಲು ಆದದ್ದು ಹೇಸಿಗೆ. ನಲ್ಲಿಯಲ್ಲಿ ಮೂರು ಸಲ ಕೈ ತೊಳೆದೆ.

23 ನವೆಂಬರ್, ಶುಕ್ರವಾರ

ಇವರಿಗೆ ಹೇಳಿದೆ. ಕುಣಿಗಲ್ ಆಫೀಸಿನಿಂದ ಬಂದು ಕಾಲು ಚಾಚಿ ಪೇಪರ್ ಹಿಡಿದಿದ್ದರು. ಮಡಿಸಿ ಪಕ್ಕಕ್ಕಿಟ್ಟು, ಗೋಡೆ ನೋಡಿ, "ವಯಸ್ಸಾಯ್ತಲ್ಲ ಕಣೇ. ನಾನು ಮಗ, ಹೆಂಗ್ ಕೇಳ್ಲಿ? ನೀನೇ ಏನಾದ್ರೂ ಮಾಡು" ಎಂದರು. ಶಿವಮೂರ್ತಿಯವರ ಮನೆಯ ಕಷ್ಟಗಳೆಲ್ಲ "ನೀನೇ ಏನಾದ್ರೂ ಮಾಡು" ಎಂಬಲ್ಲಿಗೆ ಬಂದು ನಿಲ್ಲುತ್ತವೆ.

ಅಟ್ಟದಿಂದ ರಬ್ಬರ್ ಶೀಟು ತೆಗೆದೆ. ಪ್ರಮೀಳಾ ಹಸುಗೂಸಾಗಿದ್ದಾಗ ತೊಟ್ಟಿಲಿಗೆ ಹಾಸುತ್ತಿದ್ದುದು. ಮಗಳು ಈಗ ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ, ಶೀಟು ಹಾಗೇ ಇದೆ. ಎಡಗಡೆ ಸೀಟಿಗೆ ಹಾಸಿ ನಾಲ್ಕೂ ಮೂಲೆ ಒಳಗೆ ಸಿಕ್ಕಿಸಿದೆ.

ಸ್ಟಾಫ್ ರೂಮಿನಲ್ಲಿ ಮಂಜುಶ್ರೀಗೂ ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಅವಳು "ಅಯ್ಯೋ ನಿನ್ ತಾಳ್ಮೆಗೆ ಕೈ ಮುಗೀಬೇಕು ಕಣೇ" ಎಂದಳು. ಅದನ್ನು ಕೇಳುವುದಕ್ಕೇ ಹೇಳಿರಬೇಕು.

26 ನವೆಂಬರ್, ಸೋಮವಾರ

ಅತ್ತೆ ಬಾಗಿಲು ತೆಗೆದು ಶೀಟು ನೋಡಿ ನಿಂತರು.

"ಇದ್ಯಾಕಮ್ಮ?"

"ಸೀಟು ಕೊಳೆ ಆಗ್ಬಾರ್ದು ಅಂತ ಅತ್ತೆ."

ನನ್ನ ಮುಖ ನೋಡಿದರು, ಮತ್ತೆ ಶೀಟು ನೋಡಿದರು. ಅದನ್ನು ಗುರುತಿಸಿದರು. ಪ್ರಮೀಳಾಳಿಗೆ ಅದನ್ನು ತೊಳೆದು ಒಣಗಿಸುತ್ತಿದ್ದವರು ಅವರೇ. ಕೋಲು ಒಳಗೆಳೆದುಕೊಂಡು ಕೂತರು. ಮಲ್ಲಸಂದ್ರ ಬಂತು, ಗುಬ್ಬಿ ಬಂತು, ಒಂದು ಮಾತಿಲ್ಲ. ಶೀಟು ಮಾತ್ರ ರಸ್ತೆಯ ಪ್ರತಿ ಉಬ್ಬಿಗೂ ಕಿರುಗುಟ್ಟುತ್ತಿತ್ತು.

ಗಾಜು ಸ್ವಲ್ಪ ಕಡಿಮೆ ಮಸುಕಾಯಿತು ಅನ್ನಿಸಿತು. ಹಾಗಾದರೆ ಉಸಿರಿನ ವಿಷಯದಲ್ಲಿ ನಾನು ಅಂದುಕೊಂಡದ್ದು ಸರಿ.

3 ಡಿಸೆಂಬರ್, ಸೋಮವಾರ

ಅತ್ತೆ ಬೆಳಗಿನ ಕಾಫಿ ಬಿಟ್ಟಿದ್ದಾರೆ. ಕೇಳಿದರೆ "ಪಿತ್ತ ಆಯ್ತದೆ ಕಣಮ್ಮ" ಎನ್ನುತ್ತಾರೆ. ಮೂವತ್ತು ವರ್ಷ ಆಗದ ಪಿತ್ತ. ನಾನು ಒತ್ತಾಯ ಮಾಡಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡೆ. ಆದರೂ ಅವರು ಇಳಿದ ಮೇಲೆ ನೋಡಿದರೆ ಶೀಟಿನ ಮೇಲೆ ಇವತ್ತೂ ನೀರಿತ್ತು, ಒರೆಸುವ ಬಟ್ಟೆ ಹಿಂಡುವಷ್ಟು.

7 ಡಿಸೆಂಬರ್, ಶುಕ್ರವಾರ

ಅತ್ತೆ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಕುಸಿದರು. ಪುಣ್ಯಕ್ಕೆ ಸೊಂಟಕ್ಕೆ ಪೆಟ್ಟಾಗಲಿಲ್ಲ. ಶಾಲೆಗೆ ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನಾಲಿಗೆ ನೋಡಿ, ಕೈಯ ಚರ್ಮ ಹಿಡಿದೆತ್ತಿ ಬಿಟ್ಟು, "ನೀರೇ ಕುಡೀತಿಲ್ವಲ್ಲಜ್ಜಿ, ಯಾಕೆ? ಉರಿಮೂತ್ರ ಬೇರೆ ಶುರುವಾಗಿದೆ" ಎಂದರು ಡಾಕ್ಟರು.

ಅತ್ತೆ ತಲೆ ತಗ್ಗಿಸಿಕೊಂಡು ಸೆರಗಿನ ಅಂಚು ಮಡಿಸುತ್ತ ಕೂತರು. ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಾರ್ಟ್ ಓದುತ್ತಿದ್ದೆ.

ಮಾತ್ರೆ ಕೊಟ್ಟಿದ್ದಾರೆ. ಎರಡು ವಾರ ಓಡಾಟ ಬೇಡ ಎಂದಿದ್ದಾರೆ.

12 ಡಿಸೆಂಬರ್, ಬುಧವಾರ

ಎಡಗಡೆ ಸೀಟಿನಲ್ಲಿ ಐದು ದಿನದಿಂದ ಯಾರೂ ಕೂತಿಲ್ಲ. ಇವತ್ತು ಬೆಳಿಗ್ಗೆ ಶೀಟಿನ ಮೇಲೆ ನೀರು ನಿಂತಿತ್ತು.

13 ಡಿಸೆಂಬರ್, ಗುರುವಾರ

ನಿನ್ನೆ ಅಷ್ಟು ಬರೆದು ಪೆನ್ನು ಇಟ್ಟುಬಿಟ್ಟೆ. ಇವತ್ತು ಬೆಳಿಗ್ಗೆ ಕಾರಿನೊಳಗೆ ಹತ್ತಿ ಬಾಗಿಲು ಹಾಕಿಕೊಂಡು ಕೂತೆ. ತಲೆಯೆತ್ತಿ ನೋಡಿದರೆ ಮೇಲ್ಛಾವಣಿಯ ತುಂಬ ಹನಿ. ನಮ್ಮ ಪೋರ್ಟಿಕೋದ ನೆಲ ಚರಂಡಿಯ ಕಡೆ, ಅಂದರೆ ಎಡಕ್ಕೆ ಇಳಿಜಾರು. ಹನಿಗಳು ಒಂದಕ್ಕೊಂದು ಕೂಡಿಕೊಂಡು ಎಡಕ್ಕೆ ಜಾರಿ, ಸೀಟಿನ ಮೇಲೆ ಟಪ್ಪೆಂದು ಬೀಳುತ್ತಿದ್ದವು. ಕೈ ಒಡ್ಡಿದೆ. ಅಂಗೈಗೆ ಬಿತ್ತು. ಮೂಸಿ ನೋಡಿದೆ. ಬರೀ ನೀರು.

ಕಾಲ ಕೆಳಗಿನ ಕಾರ್ಪೆಟ್ ಒತ್ತಿದರೆ ಬೆರಳ ಸಂದಿಯಲ್ಲಿ ನೀರು ಬಂತು. ಹಗಲಿಡೀ ಶಾಲೆಯ ಬಯಲಿನಲ್ಲಿ ಬಿಸಿಲಿಗೆ ನಿಂತ ಕಾರು. ಒಳಗೆ ನೀರು ಕುಡಿದ ಕಾರ್ಪೆಟ್, ಏರಿಸಿದ ಗಾಜುಗಳು. ಆವಿ ಎದ್ದು, ಇರುಳ ಚಳಿಗೆ ತಣಿದು ಹನಿಯಾಗುತ್ತಿದೆ. ಐಸ್ ಹಾಕಿದ ಲೋಟದ ಹೊರಮೈಯ ನೀರು ಎಲ್ಲಿಂದ ಬಂತು ಎಂದು ಎಂಟನೇ ಕ್ಲಾಸಿನ ಮಕ್ಕಳನ್ನು ಹದಿನೆಂಟು ವರ್ಷದಿಂದ ಕೇಳುತ್ತಿದ್ದೇನೆ. "ಲೋಟ ಸೋರ್ತಿದೆ ಮಿಸ್" ಎಂದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ಇನ್ನೊಂದು ಮಾತು. ನನ್ನ ಸೀಟೂ ಎಷ್ಟೋ ದಿನ ಬೆಳಿಗ್ಗೆ ತಣ್ಣಗೆ ತೇವವಾಗಿ ಇರುತ್ತಿತ್ತು. ಚಳಿಗೆ ಎಂದುಕೊಂಡು ಸೀರೆ ಒದರಿಕೊಂಡು ಇಳಿಯುತ್ತಿದ್ದೆ. ನನ್ನ ಸೀಟಿನ ತೇವಕ್ಕೆ ಚಳಿ ಕಾರಣ, ಅವರ ಸೀಟಿನದಕ್ಕೆ ಅವರು. ಥೂ.

16 ಡಿಸೆಂಬರ್, ಭಾನುವಾರ

ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಆಟೋಗಳ ವೈರಿಂಗ್ ಮಾಡುವ ಜುಂಜಪ್ಪನ ಶೆಡ್ಡಿಗೆ ಕಾರು ಒಯ್ದೆ. ನಿಟ್ಟೂರು ಕಡೆಯವನು, ಐವತ್ತರ ಆಸುಪಾಸು. ಬಾಯಲ್ಲಿ ಸದಾ ಕಡ್ಡಿಪುಡಿ. ಒಳಗೆ ತಲೆ ಹಾಕಿ ಮೂಸಿದ.

"ಕಾರ್ನ ದಿನಾ ತೊಳೀತೀರಾ ಮೇಡಮ್ಮೋರೆ?"

"ದಿನಾ. ಎರಡು ಬಕೆಟ್."

"ನಮ್ಮನೇಲಿ ಎಮ್ಮೆಗೂ ದಿನಾ ಮೈ ತೊಳ್ಯಲ್ಲ" ಎಂದು ಉಗುಳಿ ಬಂದ. "ಎಲ್ ನುಗ್ತೈತೆ ನೋಡಾನ. ಒಸಿ ಪೌಡ್ರು ಇದ್ರೆ ಕೊಡಿ, ಮುಖಕ್ ಹಾಕೋದು."

ಬ್ಯಾಗಿನಲ್ಲಿದ್ದದ್ದು ಸೀಮೆಸುಣ್ಣ. ಅದನ್ನೇ ಪುಡಿ ಮಾಡಿ, ಎಡಗಡೆ ಕಾಲಿಡುವ ಜಾಗದಲ್ಲಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಉದುರಿಸಿದ. ನನ್ನನ್ನು ಒಳಗೆ ಬಗ್ಗಿ ನೋಡಲು ಹೇಳಿ, ಹೊರಗೆ ನಿಂತು ಗಾಜಿನ ಮೇಲೆ ಒಂದು ಚೊಂಬು ನೀರು ಹೊಯ್ದ. ಬಿಳಿ ಪುಡಿಯ ನಡುವೆ ಒಂದು ಕಪ್ಪು ಗೆರೆ ಇಳಿದು ಬಂತು. ಗಾಳಿ ಬರುವ ಕಿಂಡಿಯಿಂದಲೇ ಶುರುವಾಗಿತ್ತು.

"ಅದೇ ಅಂದ್ಕಂಡೆ" ಎಂದ ಜುಂಜಪ್ಪ. ವೈಪರಿನ ಬುಡದಲ್ಲಿ ಒಂದು ಜಾಲರಿ ಇದೆ. ಗಾಜಿನ ನೀರು ಅಲ್ಲಿ ಇಳಿದು, ಕೆಳಗಿನ ಒಂದು ತೂತಿನಿಂದ ನೆಲಕ್ಕೆ ಹೋಗಬೇಕು. ತೂತು ಕಟ್ಟಿಕೊಂಡರೆ ನೀರು ನಿಂತು, ಗಾಳಿಯ ದಾರಿ ಹಿಡಿದು ಒಳಗೆ ಬರುತ್ತದೆ. ಜಾಲರಿ ಬಿಚ್ಚಿ, ಸೈಕಲ್ ಕಡ್ಡಿಯ ತುದಿ ಕೊಕ್ಕೆಯಂತೆ ಬಗ್ಗಿಸಿ ತೂರಿಸಿ ಎಳೆದ. ಹಿಡಿಯಷ್ಟು ಕರಿ ಮುದ್ದೆ ಬಂತು. ಕಮಟು ವಾಸನೆ ಗಪ್ಪೆಂದು ಹೊಡೆಯಿತು. ತೂತು ಗೊಳಗೊಳ ಎಂದು ಒಂದು ಕೊಡ ನೀರು ಕಕ್ಕಿತು.

ಮುದ್ದೆಯನ್ನು ಪೇಪರಿನ ಮೇಲೆ ಬಿಡಿಸಿದ. ಕೊಳೆತ ಸೇವಂತಿಗೆ ಎಸಳು. ಒಂದೆರಡು ಕನಕಾಂಬರ. ಮಿಕ್ಕದ್ದೆಲ್ಲ ಬಾಳೆನಾರು, ಗಂಟು ಗಂಟಾಗಿ. ಆ ಗಂಟುಗಳು ನನಗೆ ಗೊತ್ತು. ಅಷ್ಟು ಒತ್ತಾಗಿ ಕಟ್ಟುವವರು ನಮ್ಮ ಮನೆಯಲ್ಲಿ ಒಬ್ಬರೇ. ಬಾಡಿದ್ದು ತೆಗೆದು ಹೊಸದಿಡು ಎಂದವರೂ ಅವರೇ.

"ಹೂವ್ನ ಕಾರ್ಗಿಕ್ಕಿ, ಬ್ಯಾಡ ಅನ್ನಲ್ಲ. ಸಂಜಿಕೆ ತಗ್ದಾಕ್ಬುಡಿ" ಎಂದ ಜುಂಜಪ್ಪ. "ನೀರು ಬ್ಯಾಟ್ರಿ ತಂಕ ಓಗಿಲ್ಲ, ಪುಣ್ಯ. ಯಾರೂ ಮುಂಚೇನೆ ಯೋಳ್ಲಿಲ್ವಾ, ಸೀಟು ವದ್ದೆ ಅಂತ?"

ಇಲ್ಲ ಎಂದೆ. ಆ ಕರಿ ಮುದ್ದೆಯನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಅವನು ವಿಚಿತ್ರವಾಗಿ ನೋಡಿದ.

18 ಡಿಸೆಂಬರ್, ಮಂಗಳವಾರ

ಕಾರ್ಪೆಟ್, ಅದರಡಿಯ ಸ್ಪಂಜು ಎಲ್ಲ ಕಿತ್ತು ಅಂಗಳದಲ್ಲಿ ಒಣಗಿಸಿದ್ದೇನೆ. ಶಾಲೆಗೆ ಬಸ್ಸಿನಲ್ಲಿ ಹೋಗಿ ಬಂದೆ. ಸಂಜೆ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಕೂತು ಸ್ಪಂಜನ್ನು ತೊಡೆಯ ಮೇಲಿಟ್ಟುಕೊಂಡು ಹಿಂಡುತ್ತಿದ್ದರು. ಸೀರೆಯೆಲ್ಲ ಒದ್ದೆ.

"ಬಿಡಿ ಅತ್ತೆ, ನೀವ್ಯಾಕೆ?"

"ಇದೆಲ್ಲ ತೊಳ್ದ್ಯಾ ಶಾಂತಾ?"

ಬಾಯಿ ತೆರೆದೆ. ಹೇಳಬೇಕಾದ್ದು ನಾಲಿಗೆಯ ತುದಿಗೆ ಬಂದಿತ್ತು. "ಹೂಂ, ತೊಳ್ದೆ" ಎಂದೆ.

ಅತ್ತೆ ಸ್ಪಂಜು ಮಗುಚಿ ಹಾಕಿದರು. "ನನ್ನಿಂದ ನಿಂಗೆಷ್ಟ್ ಕೆಲ್ಸ ನೋಡಮ್ಮ" ಎಂದರು.

ಅಡುಗೆಮನೆಗೆ ಬಂದು ಒಲೆ ಹಚ್ಚಿ, ಪಾತ್ರೆ ಇಡದೆ ಉರಿ ನೋಡುತ್ತ ನಿಂತಿದ್ದೆ. ಮೊದಲು ಮಾಡಿದ್ದು ತಿಳಿಯದೆ ಮಾಡಿದ್ದು ಎನ್ನಬಹುದು. ಇವತ್ತಿನದಕ್ಕೆ ಏನು ಹೇಳಲಿ?

20 ಡಿಸೆಂಬರ್, ಗುರುವಾರ

ಕಾರಿನೊಳಗೆ ಹಾಸಿದ್ದ ನ್ಯೂಸ್ ಪೇಪರು ಎರಡು ಬೆಳಿಗ್ಗೆಯೂ ಗರಿಗರಿ. ಗಾಜು ಸ್ವಚ್ಛ. ಸರಿಹೋಗಿದೆ.

ಇವರಿಗೆ ಎಲ್ಲ ಹೇಳಿದೆ. "ಈಗ್ ಯಾಕೆ ಕೆದಕ್ತೀಯ ಬಿಡು. ಅವ್ವ ಮರ್ತಿರ್ತಾಳೆ" ಎಂದರು. ಸ್ವಲ್ಪ ಹೊತ್ತು ನನಗೂ ಅದು ಸರಿ ಅನ್ನಿಸಿತು ಎಂದು ಬರೆಯಲು ನಾಚಿಕೆಯಾಗುತ್ತಿದೆ.

24 ಡಿಸೆಂಬರ್, ಸೋಮವಾರ

ಡಾಕ್ಟರು ಒಪ್ಪಿದ ಮೇಲೆ ಅತ್ತೆ ಇವತ್ತು ಗುಬ್ಬಿಗೆ ಬಂದರು. ನಾನು ಶೀಟು ತೆಗೆದಿದ್ದೆ. ಅವರು ಸೆರಗಿನೊಳಗಿಂದ ಒಂದು ಹಳೆ ಟವೆಲ್ಲು ತೆಗೆದು, ನಾಲ್ಕು ಮಡಿಕೆ ಮಾಡಿ ಸೀಟಿಗೆ ಹಾಸಿಕೊಂಡು ಕೂತರು. ನಾನು ಕೀ ತಿರುಗಿಸಿದೆ. ಈ ಹಾಳು ಕಾರಿಗೆ ಸದ್ದೂ ಇಲ್ಲ, ಇದ್ದಿದ್ದರೆ ಅದರ ಹಿಂದೆಯಾದರೂ ಅವಿತುಕೊಳ್ಳುತ್ತಿದ್ದೆ.

ಯಾವಾಗಲೂ ಬಾಗಿಲಲ್ಲೇ ಇಳಿಸಿ ಹೋಗುವವಳು ಇವತ್ತು ಕೈ ಹಿಡಿದು ಒಳಗೆ ಬಿಡಲು ಹೋದೆ. ಚಿಕ್ಕಗಂಗಮ್ಮ ನಗುತ್ತ ಬಂದರು. ನಡುಮನೆಯ ಮಂಚದಲ್ಲಿ ಅಕ್ಕತಂಗಿಯರು ಒಟ್ಟಿಗೆ ಕೂತು ಎಲೆ ಅಡಿಕೆ ಹಾಕುವುದು ನನಗೆ ಗೊತ್ತು. ಇವತ್ತು ಮಂಚದ ಪಕ್ಕ ನೆಲದ ಮೇಲೆ ಗೋಣಿಚೀಲ, ಅದರ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹಾಸಿತ್ತು. "ಇಲ್ಲೇ ಕುತ್ಕಳಕ್ಕ, ಆರಾಮಾಗಿರ್ತದೆ" ಎಂದರು ಚಿಕ್ಕಗಂಗಮ್ಮ. ಅತ್ತೆ ಕೋಲು ಗೋಡೆಗೊರಗಿಸಿ, ಗೋಡೆ ಹಿಡಿದು, ನೋಯುವ ಸೊಂಟ ಬಗ್ಗಿಸಿ ಅದರ ಮೇಲೆ ಕೂತರು. ಮೊದಲ ಸಲ ಕೂತವರ ಹಾಗೆ ಇರಲಿಲ್ಲ.

ಮಂಜುಶ್ರೀಯ ಮನೆ ಅಲ್ಲಿಂದ ಎರಡನೆಯದು.

ಮೊದಲ ಪೀರಿಯಡ್ಡಿನಲ್ಲಿ ಏನು ಪಾಠ ಮಾಡಿದೆ ಎಂದು ನೆನಪಿಲ್ಲ.

26 ಡಿಸೆಂಬರ್, ಬುಧವಾರ

ಸಂಜೆ ಶಾಲೆ ಬಿಟ್ಟ ಮೇಲೆ ಮಂಜುಶ್ರೀಗೆ "ನನ್ ಜೊತೆ ಬಾ" ಎಂದೆ. ಯಾಕೆ ಎಂದಳು. ಬಾ ಎಂದೆ ಅಷ್ಟೇ. ಚಿಕ್ಕಗಂಗಮ್ಮನ ಮನೆಗೆ ಕರೆದುಕೊಂಡು ಹೋದೆ. ಅತ್ತೆ ಆ ಚೀಲದ ಮೇಲೆ ಕೂತು ಹೂವು ಕಟ್ಟುತ್ತಿದ್ದರು. ನಾನೂ ನೆಲಕ್ಕೇ ಕೂತು ಬ್ಯಾಗಿನಿಂದ ಪೇಪರ್ ಪೊಟ್ಟಣ ತೆಗೆದು ಬಿಚ್ಚಿದೆ. ಆ ಮುದ್ದೆ ಒಣಗಿ ಬಿರುಸಾಗಿತ್ತು.

ಹೇಗೆ ಹೇಳಬೇಕು ಎಂದು ಎರಡು ದಿನ ಮಾತು ಜೋಡಿಸಿಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. "ಅತ್ತೆ, ಸೀಟು ಒದ್ದೆ ಮಾಡ್ತಿದ್ದದ್ದು ನೀವಲ್ಲ. ಕಾರೊಳಗೆ ನೀರು ನುಗ್ತಿತ್ತು. ನಾನು ತೆಗೀದೆ ಬಿಟ್ಟ ಹೂವು ತೂತಿಗೆ ಕಟ್ಕೊಂಡಿತ್ತು. ನಂಗೆ ಗೊತ್ತಾಗಿ ಹತ್ತು ದಿನ ಆಯ್ತು. ಹೇಳ್ಲಿಲ್ಲ. ಅವತ್ತು ಸ್ಪಂಜು ತೊಳ್ದೆ ಅಂದಿದ್ದೂ ಸುಳ್ಳು" ಎಂದೆ. ಮಂಜುಶ್ರೀಯ ಕಡೆ ತಿರುಗಿ, "ನಿಂಗೆ ಹೇಳಿದ್ದೂ ಸುಳ್ಳು" ಎಂದೆ. ಅವಳು ಕಂಬ ಹಿಡಿದುಕೊಂಡು ನಿಂತಿದ್ದಳು.

ಅತ್ತೆಯ ಕೈಯಲ್ಲಿ ಹೂವು ನಾರು ಹಾಗೇ ನಿಂತವು.

"ಅಂಗಾರೆ ನಾನಲ್ವಾ?"

"ಅಲ್ಲ ಅತ್ತೆ. ಒಂದು ದಿನವೂ ಅಲ್ಲ."

ಅವರು ಮುದ್ದೆಯಿಂದ ಒಂದು ನಾರು ಬಿಡಿಸಿ, ತಮ್ಮ ಗಂಟನ್ನು ಉಗುರಿನಲ್ಲಿ ತಡವಿ ನೋಡಿದರು. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮೊದ್ಮೊದ್ಲು ಕೂತಾಗ್ಲೇ ಸೀಟು ತಣ್ಣಗಿತ್ತು ಕಣಮ್ಮ" ಎಂದರು. "ಸೀಟೇ ವದ್ದೆ ಅಂದ್ಕಂಡೆ. ಆಮ್ಯಾಕೆ ನೀನು ಶೀಟ್ ಹಾಸ್ದೆ. ಸೈನ್ಸು ಓದಿರೋಳು, ಮಕ್ಳಿಗೆ ಯೋಳ್ಕೊಡೋಳು, ತಿಳೀದೆ ಹಾಸ್ತಾಳಾ, ನನ್ ಮೈ ನಂಗೇ ತಿಳೀದಂಗಾಯ್ತೇನೋ ಅಂದ್ಕಂಡೆ. ರಾತ್ರಿ ಮನೇಲಿ ಎದ್ದೆದ್ದು ಬಟ್ಟೆ ಮುಟ್ಕಂಡು ನೋಡ್ಕಂತಿದ್ದೆ. ಒಣಗೇ ಇರದು. ಆದ್ರೂ ನಿನ್ ಮಾತ್ನೇ ನಂಬ್ದೆ."

ಚಿಕ್ಕಗಂಗಮ್ಮ ಎದ್ದು ಬಂದು, ಅಕ್ಕನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಮಂಚದ ಮೇಲೆ ಕೂರಿಸಿದರು. ಆ ಚೀಲಗಳನ್ನು ಕಾಲಿನಿಂದ ಹಿತ್ತಿಲ ಕಡೆ ತಳ್ಳಿದರು. ನನ್ನ ಕಡೆ ನೋಡಲೇ ಇಲ್ಲ. ಕಾಫಿ ಬಂತು. ಅತ್ತೆ ಪೂರ್ತಿ ಲೋಟ ಕುಡಿದರು. ನನ್ನ ಲೋಟದಲ್ಲಿ ಕೆನೆ ಕಟ್ಟಿತು.

28 ಡಿಸೆಂಬರ್, ಶುಕ್ರವಾರ

ರಬ್ಬರ್ ಶೀಟು ಕತ್ತರಿಸಿ ಹಾಕಿದೆ. ಹೂವು ಇಡಲಿಲ್ಲ. ಕಾರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ ಅಷ್ಟೇ.

ಇವರು ರಾತ್ರಿ ಊಟದ ಹೊತ್ತಿಗೆ ಅವ್ವನ ತಟ್ಟೆಗೆ ತಾವೇ ಸಾರು ಬಡಿಸಿದರು. ಮದುವೆಯಾದಾಗಿನಿಂದ ಕಂಡಿರಲಿಲ್ಲ.

4 ಜನವರಿ 2008, ಶುಕ್ರವಾರ

ಅತ್ತೆ ಮತ್ತೆ ದಿನಾ ಬರುತ್ತಿದ್ದಾರೆ. ಇವತ್ತು ಅವರೇ ಹೂವು ತಂದರು. ಸಂಜೆ ತೆಗೆಯುವ ಕೆಲಸ ತಮ್ಮದೇ ಎಂದರು. ದಾರಿಯಲ್ಲಿ ಮಾತೂ ಆಡುತ್ತಾರೆ, ಮೊದಲಿನಷ್ಟಲ್ಲ. ನಡುವೆ ಸುಮ್ಮನಾದಾಗ ನಾನೇ ಏನಾದರೂ ಕೇಳುತ್ತೇನೆ. ಅವರ ತವರು ಸಿ.ಎಸ್. ಪುರದಲ್ಲಿ ಎಷ್ಟು ಬಾವಿಗಳಿದ್ದವು, ಯಾವುದರ ನೀರು ಸಿಹಿ, ಹೀಗೆ. ಉತ್ತರ ಗೊತ್ತಿದ್ದರೂ ಕೇಳುತ್ತೇನೆ. ಗಾಜು ಸ್ವಲ್ಪ ಮಸುಕಾದರೆ ಕಿಟಕಿ ಒಂದು ಬೆರಳು ಇಳಿಸುತ್ತೇನೆ.

ಒಂದು ಹೊಸ ಪದ್ಧತಿ ಶುರುವಾಗಿದೆ. ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಅತ್ತೆ ಕೂರುವುದಿಲ್ಲ. ಮೊದಲು ತಮ್ಮ ಅಂಗೈಯನ್ನು ಸೀಟಿನ ಮೇಲೆ ಆಡಿಸುತ್ತಾರೆ. ಆಮೇಲೆ ನನ್ನ ಕಡೆ ನೋಡಿ, "ನೀನೂ ಒಂದ್ಸಲ ಮುಟ್ಬುಡಮ್ಮ, ಆಮ್ಯಾಕೆ ಕೂರ್ತೀನಿ" ಎನ್ನುತ್ತಾರೆ. ಕೋಪವಿಲ್ಲ, ವ್ಯಂಗ್ಯವಿಲ್ಲ. ಮುಟ್ಟುತ್ತೇನೆ. "ಒಣಗಿದೆ ಅತ್ತೆ" ಎಂದು ಬಾಯಿಬಿಟ್ಟು ಹೇಳುತ್ತೇನೆ.

ಇವತ್ತು ಗುಬ್ಬಿಯಲ್ಲಿ ಇಳಿದ ಮೇಲೂ ಅವರು ತಂಗಿಯ ಮನೆಯ ಮೆಟ್ಟಿಲು ಹತ್ತಲಿಲ್ಲ. ಕಾರಿನ ಬಾಗಿಲು ಹಿಡಿದುಕೊಂಡು, ಕೋಲೂರಿಕೊಂಡು, ನಾನು ಸುತ್ತಿ ಬರುವವರೆಗೆ ಕಾದು ನಿಂತರು. ಸೀಟಿನ ಕಡೆ ನೋಡಿದರು. ನನಗೆ ತಿಳಿಯಿತು. ಬಗ್ಗಿ ಸೀಟಿನ ಮೇಲೆ ಕೈಯಿಟ್ಟೆ. ಒಣಗಿತ್ತು. ಅವರು ಕೂತಿದ್ದ ಬಿಸಿ ಮಾತ್ರ ಇತ್ತು.